ಹಾಲು ಅಳೆದವರು ಯಾರು?

ಇಂಗ್ಲಿಷಿನ 'ಐ' ಅಕ್ಷರ ನೋಡಲು ಒಂದು ಕಡ್ಡಿಯಷ್ಟೇ ಇದೆ. ಆದರೆ ಮನ್ಮಥಪ್ಪನ ನಡುನೆತ್ತಿಯ ಮೇಲೆ ಅದು ಒನಕೆಯಾಗಿ ಬಿತ್ತು. ಹೋದ ವರ್ಷದ ಪರಿಶೀಲನಾ ಸಮಿತಿ ಅವನ ಕಡತದ ಅಂಚಿನಲ್ಲಿ ಒಂದು ಸಾಲು ಗೀಚಿ ಹೋಗಿತ್ತು: 'ಕೆಲಸ ಚೆನ್ನಾಗಿದೆ. ಆದರೆ ಇವರ ಮಾತು ಕೇಳಿದರೆ ಈ ಕೆಲಸವನ್ನು ಯಾರೂ ಮಾಡಿದಂತೆ ಕಾಣುವುದಿಲ್ಲ.' ಅಲ್ಲಿಂದ ಶುರುವಾಯಿತು ಗ್ರಹಚಾರ.

ಮನ್ಮಥಪ್ಪ ಬೀದರಿನ ಹೊರಗೆ, ಭಾಲ್ಕಿ ರಸ್ತೆಯ ಮೇಲಿನ ಮೇವು ಸಂಶೋಧನಾ ಕೇಂದ್ರದಲ್ಲಿ ಗುತ್ತಿಗೆಯ ಸಂಶೋಧಕ. ಗುತ್ತಿಗೆ ಹನ್ನೊಂದು ತಿಂಗಳದ್ದು. ಅದು ಮುಗಿದ ಕೂಡಲೇ ಒಂದು ದಿನ ಮನೆಗೆ ಕಳಿಸಿ, ಮರುದಿನ ಮತ್ತೆ ಕರೆದು ಹನ್ನೊಂದು ತಿಂಗಳಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಹೀಗೆ ಒಂಬತ್ತು ಸಲ ಆಗಿ, ವಯಸ್ಸು ನಲವತ್ತೆರಡಾಗಿ, ಬೇರೆ ಎಲ್ಲಿಯೂ ಅರ್ಜಿ ಹಾಕುವ ಹಾಗಿರಲಿಲ್ಲ. ಈಗ ಕೇಂದ್ರಕ್ಕೆ ಒಂದೇ ಒಂದು ಕಾಯಂ ಹುದ್ದೆ ಬಂದಿತ್ತು. ಅದು ತುಂಬಿದರೆ ಗುತ್ತಿಗೆ ಕೂಡ ರದ್ದು. ಇಂದು ಮಧ್ಯಾಹ್ನ ಮೂರಕ್ಕೆ ಸಮಿತಿಯ ಮುಂದೆ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. ದಕ್ಕಿದರೆ ಅರವತ್ತರವರೆಗೆ ಅನ್ನ, ಇಲ್ಲದಿದ್ದರೆ ಈ ತಿಂಗಳ ಕೊನೆಗೆ ಮನೆ.

ಪ್ರಬಂಧವೇನೋ ಗಟ್ಟಿಯಾಗಿತ್ತು. ಔರಾದ ತಾಲೂಕಿನ ಸಂತಪುರದಲ್ಲಿ ಹನ್ನೆರಡು ಎಮ್ಮೆಗಳಿಗೆ ನೂರಿಪ್ಪತ್ತು ದಿನ ತೊಗರಿ ಹೊಟ್ಟು ತಿನ್ನಿಸಿ, ಹಾಲು ಎಷ್ಟು ಹೆಚ್ಚಿತೆಂದು ನೋಡಿದ ಪ್ರಯೋಗ. ವಿಜ್ಞಾನಿಗಳು ಬರೆಯುವ ಇಂಗ್ಲಿಷಿಗೆ ಒಂದು ದೊಡ್ಡ ಅನುಕೂಲವಿದೆ. ಅದರಲ್ಲಿ ಕೆಲಸಗಳೆಲ್ಲ ತಾವಾಗಿಯೇ ಆಗುತ್ತವೆ. ಹೊಟ್ಟು ತಿನ್ನಿಸಲಾಯಿತು, ಹಾಲು ಅಳೆಯಲಾಯಿತು, ಅಂಕಿಗಳನ್ನು ದಾಖಲಿಸಲಾಯಿತು. ಯಾರು ತಿನ್ನಿಸಿದರು, ಯಾರು ಅಳೆದರು ಎಂದು ಯಾವ ಪುಣ್ಯಾತ್ಮನೂ ಕೇಳುವುದಿಲ್ಲ.

ಕೇಳದಿದ್ದುದೇ ಒಳ್ಳೆಯದಾಗಿತ್ತು. ಯಾಕೆಂದರೆ ಹಾಲು ಅಳೆದವಳು ಸಂತಪುರದ ಅನುಸೂಯಾಬಾಯಿ. ಎಮ್ಮೆ ಹಿಂಡುವುದು ಮುಂಜಾನೆ ಐದಕ್ಕೆ, ಸಂಜೆ ಐದಕ್ಕೆ. ಗುತ್ತಿಗೆಯವರು ಬೀದರಿನ ಕಚೇರಿಯ ಯಂತ್ರದ ಮೇಲೆ ಮುಂಜಾನೆ ಒಂಬತ್ತೂವರೆಗೆ, ಸಂಜೆ ಐದೂವರೆಗೆ ಹೆಬ್ಬೆಟ್ಟು ಒತ್ತಬೇಕು. ಒತ್ತದಿದ್ದರೆ ಆ ದಿನ ಗೈರುಹಾಜರಿ. ಸಂತಪುರದಿಂದ ಬೀದರಿಗೆ ಬಸ್ಸಿನಲ್ಲಿ ಒಂದು ತಾಸು. ಎಮ್ಮೆಯ ಹತ್ತಿರ ಇದ್ದರೆ ಯಂತ್ರ ತಪ್ಪುತ್ತದೆ, ಯಂತ್ರದ ಹತ್ತಿರ ಇದ್ದರೆ ಎಮ್ಮೆ ತಪ್ಪುತ್ತದೆ. ಅದಕ್ಕೆ ಅನುಸೂಯಾಬಾಯಿ ಅಳೆದು ಫೋನಿನಲ್ಲಿ ಹೇಳುತ್ತಿದ್ದಳು, ಮನ್ಮಥಪ್ಪ ಬರೆದುಕೊಳ್ಳುತ್ತಿದ್ದ. ಯಂತ್ರಕ್ಕೆ ರಜೆ ಇರುವ ರವಿವಾರ ತಾನೇ ನಸುಕಿನ ಬಸ್ಸಿಗೆ ಹೋಗಿ, ತಾನೂ ಅಳೆದು, ಅವಳ ಅಳತೆ ತಾಳೆ ನೋಡುತ್ತಿದ್ದ. ಒಂದು ದಿನವೂ ತಪ್ಪು ಸಿಕ್ಕಿರಲಿಲ್ಲ. ಪ್ರಬಂಧ ಬರೆದು ಮುಗಿದ ಮೇಲೂ ಈ ಅಳತೆ ನಿಂತಿರಲಿಲ್ಲ. ಕೇಂದ್ರದಲ್ಲಿ ಎಲ್ಲರ ಪ್ರಯೋಗವೂ ನಡೆಯುತ್ತಿದ್ದುದು ಹೀಗೆಯೇ.

ಮುಂಜಾನೆ ಮೈಲೂರಿನ ತನ್ನ ಮನೆಯಂಗಳದಲ್ಲಿ ಮನ್ಮಥಪ್ಪ ಹಾಳೆ ಹಿಡಿದು, ಅತ್ತಿಂದಿತ್ತ ತಿರುಗುತ್ತ ಗಟ್ಟಿಯಾಗಿ ಓದುತ್ತಿದ್ದ. ಹೆಂಡತಿ ಸಪ್ನಾ ಚಹಾ ತಂದು ಕಟ್ಟೆಯ ಮೇಲಿಟ್ಟಳು.

"ಏನ್ರಿ ಇದು, ಯಾರರೆ ಸತ್ತ ಸುದ್ದಿ ಓದಿದಂಗ ಓದ್ಲಿಕತ್ತೀರಿ?"

"ಬರದದ್ದು ಹಿಂಗೇ ಇರ್ತದ. ಇದನ್ನ ಮಾತಾಡೋ ಇಂಗ್ಲಿಷಿಗಿ ತಿರುಗಿಸಬೇಕಾಗ್ಯದ. ಹ್ಯಾಂಗ ತಿರುಗಿಸ್ಲಿ, ತಿಳೀವಲ್ದು."

ಪಕ್ಕದ ಗೋಡೆಯ ಮೇಲೆ ಒಂದು ಬಿಳಿ ಟೊಪ್ಪಿಗೆ ಕಾಣಿಸಿತು. ಅದರ ಕೆಳಗೆ ರಶೀದ ಅಹ್ಮದ ಮಾಸ್ತರರು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಕಲಿಸುವುದನ್ನು ಮಾತ್ರ ಇನ್ನೂ ಬಿಟ್ಟಿರಲಿಲ್ಲ.

"ವ್ಹಾ! ಮಿಲ್ಕ್ ವಾಸ್ ಮೆಜರ್ಡ್! ಏನ್ ಪ್ಯಾಸಿವ್ ವಾಯ್ಸ್ ಅದ್ರಿ! ಇದನ್ನ ಕಲಸ್ಲಿಕ್ಕಿ ಎಷ್ಟು ಹುಡುಗರ ಕಿವಿ ಹಿಂಡೀನಿ ನಾ. ಒಬ್ಬನ ತಲ್ಯಾಗೂ ಇಳೀಲಿಲ್ಲ."

"ಮಾಸ್ತರ್ರ, ಮಾತಾಡುವಾಗ ಇದು ನಡ್ಯಂಗಿಲ್ಲಂತ. ನಾ ಅಳದೆ, ನಾ ನೋಡ್ದೆ ಅಂತ ಹೇಳಬೇಕಂತ."

"ತೌಬಾ ತೌಬಾ! ದೊಡ್ಡ ದೊಡ್ಡ ಸಾಹೇಬ್ರ ಮುಂದ ನಾನು ನಾನು ಅಂತೀರಿ? ತಹಜೀಬ್, ಮರ್ಯಾದಿ ಬ್ಯಾಡೇನ್ರಿ? ತರ್ರಿ ಇಲ್ಲಿ."

ಮಾಸ್ತರರು ಹಾಳೆ ಕಿತ್ತುಕೊಂಡು, ಗೋಡೆಯ ಮೇಲಿಟ್ಟು, ಹಸಿರು ಪೆನ್ನಿನಿಂದ ಪ್ರತಿ ಸಾಲಿಗೂ 'ನನ್ನಿಂದ' ಎಂದು ಬಾಲ ಹಚ್ಚಿಕೊಟ್ಟರು. ಹೊಟ್ಟು ನನ್ನಿಂದ ತಿನ್ನಿಸಲಾಯಿತು. ಹಾಲು ನನ್ನಿಂದ ಅಳೆಯಲಾಯಿತು. "ಈಗ ನೋಡ್ರಿ, ನೀವೂ ಬಂದ್ರಿ, ತಹಜೀಬೂ ಉಳೀತು," ಎಂದು ಹಾಳೆ ವಾಪಸು ಕೊಟ್ಟರು.

"ಚಹಾ ನನ್ನಿಂದ ಮಾಡಲಾಯಿತು, ನಿಮ್ಮಿಂದ ಆರಿಸಲಾಯಿತು," ಎಂದು ಸಪ್ನಾ ಮುಸಿಮುಸಿ ನಕ್ಕಳು. ಮಾಸ್ತರರು ಒಳಗೆ ಹೋದ ಮೇಲೆ ಅವಳ ನಗೆ ನಿಂತಿತು. "ಏನರ ಮಾಡಿ ಈ ಸಲ ಗಟ್ಟಿ ಮಾತಾಡ್ರಿ. ಆ ಒಂದು ದಿನ ನೀವು ಮನ್ಯಾಗ ಕುಂತು, ನಾಳಿ ಕರೀತಾರೋ ಇಲ್ಲೋ ಅಂತ ಫೋನ್ ನೋಡೋದು ನಾ ಒಂಬತ್ತು ಸಲ ನೋಡೀನಿ. ಇನ್ನೊಂದು ಸಲ ನೋಡೋ ತಾಕತ್ತು ನನಗಿಲ್ಲ."

ಮನ್ಮಥಪ್ಪ ತಣ್ಣಗಿನ ಚಹಾ ಒಂದೇ ಗುಟುಕಿಗೆ ಕುಡಿದು ಹೊರಟ.

ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ತಿರುಗುವಷ್ಟರಲ್ಲಿ ಖುಷ್ಬೂ ಹಿಡಿದುಕೊಂಡಳು. ಅವನಿಗಿಂತ ಹನ್ನೆರಡು ವರ್ಷ ಚಿಕ್ಕವಳು, ಅದೇ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡುವವಳು. ಹೋದ ತಿಂಗಳು ಹೈದರಾಬಾದಿನಲ್ಲಿ, ವಿಜ್ಞಾನಿಗಳು ಹೇಗೆ ಮಾತಾಡಬೇಕು ಎಂಬ ಮೂರು ದಿನದ ತರಬೇತಿ ಮುಗಿಸಿ ಬಂದಿದ್ದಳು. ಅಂದಿನಿಂದ ಕೇಂದ್ರದಲ್ಲಿ ಯಾರೂ ಬಾಯಿ ತೆರೆಯುವ ಹಾಗಿರಲಿಲ್ಲ.

"ಸರ್, ಬರಿವಾಗ ಮಾರಿ ಮುಚ್ಕೊಬೇಕು, ಮಾತಾಡುವಾಗ ಮಾರಿ ತೋರಿಸಬೇಕು. ಇದೇ ಮೊದಲನೇ ಪಾಠ. ಎಲ್ಲಿ ತೋರಸ್ರಿ... ಯಾ ಖುದಾ! ಈ 'ನನ್ನಿಂದ' ಯಾರು ಹಾಕಿದ್ರಿ?"

ಕೆಂಪು ಪೆನ್ನು ಹೊರಗೆ ಬಂತು. ಅರ್ಧ ಪುಟದುದ್ದದ ಒಂದು ವಾಕ್ಯವನ್ನು ಕಡಿದು ಆರು ತುಂಡು ಮಾಡಿದಳು. ಬಾಲಗಳನ್ನೆಲ್ಲ ಕತ್ತರಿಸಿ, ಪ್ರತಿ ತುಂಡಿನ ತಲೆಯ ಮೇಲೆ ಒಂದೊಂದು 'ಐ' ನಿಲ್ಲಿಸಿದಳು. ಐ ಫೆಡ್. ಐ ಮೆಜರ್ಡ್. ಐ ವಾಸ್ ದೇರ್.

ಮನ್ಮಥಪ್ಪ ಹಿಂಜರಿದ. "ಖುಷ್ಬೂ ಅವ್ರ, ಅಳದಾಕಿ ಅನುಸೂಯಾಬಾಯಿ ಅಲ್ರಿ? ನಾ ಅಳದೆ ಅಂದ್ರ ಸುಳ್ಳಾಗ್ತದಲ್ಲ. ಆಕಿ ಹೆಸರು ಒಂದು ಮಾತು ಹೇಳ್ಲೇನು?"

"ಸರ್, ಬರದಾಗ 'ಅಳೆಯಲಾಯಿತು' ಅಂತ ಆಕಿನ್ನ ನುಂಗಿದ್ರಲ್ಲ, ಆಗ ಸುಳ್ಳ ಆಗಲಿಲ್ಲೇನು? ಹತ್ತೇ ನಿಮಿಷ ಟೈಮ್ ಅದ. ಕೇಳೋರಿಗಿ ಒಬ್ಬ ಮನಷ್ಯಾ ಬೇಕ್ರಿ. ಆ ಮನಷ್ಯಾ ನೀವೇ. ನಾ ಮುಂದಿನ ಸಾಲಿನ್ಯಾಗ ಕೂಡ್ತೇನಿ. ನೀವು ಮರತೀರಿ ಅಂದ್ರ ಹಿಂಗ ಎದಿ ಬಡಕೋತೇನಿ. ನೋಡಿ 'ಐ' ಅನ್ರಿ."

ಅಷ್ಟರಲ್ಲಿ ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ಅಶ್ವಜಿತ ಬಾಗಿಲಲ್ಲಿ ನಿಂತರು. ಪ್ರಬಂಧದಲ್ಲಿ ಮೊದಲ ಹೆಸರು ಅವರದು, ಎರಡನೆಯದು ಮನ್ಮಥಪ್ಪನದು. ಸಂತಪುರ ಎತ್ತ ಕಡೆ ಇದೆ ಎಂದು ಕೇಳಿದರೆ ಅವರು ಡ್ರೈವರನನ್ನು ಕೇಳುತ್ತಿದ್ದರು.

"ಮನ್ಮಥಪ್ಪನೋರ, ಇದೇನ್ರಿ, ಹಾಳಿ ತುಂಬ ನಾನು ನಾನು? ಹಂಗಾದ್ರ ನಾ ಏನು ಉಪ್ಪಿನಕಾಯಿ ಹಾಕ್ಲಿಕತ್ತಿದ್ನ? 'ನಾವು' ಅನ್ರಿ." ನೀಲಿ ಪೆನ್ನಿನಿಂದ ಕೆಂಪು 'ಐ'ಗಳನ್ನೆಲ್ಲ ಹೊಡೆದು 'ವಿ' ಮಾಡುತ್ತ ಬಂದರು. ಕೊನೆಗೆ ಒಂದು ಕಡೆ ಪೆನ್ನು ನಿಂತಿತು. ಬಿಸಿಲಿಗೆ ಎರಡು ಎಮ್ಮೆ ಹಾಲು ಬತ್ತಿಸಿಕೊಂಡು, ಅವನ್ನು ಪ್ರಯೋಗದಿಂದ ಕೈಬಿಟ್ಟ ಸಾಲು ಅದು. "ಇಲ್ಲಿ ಮಾತ್ರ 'ನಾನು' ಇರ್ಲಿ."

"ಯಾಕ್ರಿ ಸರ್?"

"ನಿಮ್ಮ ವಿನಯ ಕಾಣ್ತದ."

ಮನ್ಮಥಪ್ಪ ಧೈರ್ಯ ಮಾಡಿ ಅನುಸೂಯಾಬಾಯಿಯ ಹೆಸರು ಎತ್ತಿದ. ಸಾಹೇಬರು ಎರಡೂ ಕೈ ಜೋಡಿಸಿದರು. "ಮಾರಾಯ್ರ, ಇವತ್ತ ಆಕಿ ಹೆಸರು ಹೇಳ್ತೀರಿ. ನಾಳಿ ನಾ ಬರದ ಎಪ್ಪತ್ತು ಪ್ರಬಂಧದಾಗ ಯಾರ್ಯಾರು ಏನೇನು ಅಳದ್ರು ಅಂತ ಕೇಳ್ತಾರ. ಸುಮ್ನ ಕುಂಡ್ರಿ."

ಊಟದ ಹೊತ್ತಿಗೆ ಹಾಳೆ ಹೋಳಿ ಆಡಿ ಬಂದ ಅಂಗಿಯಂತಾಗಿತ್ತು. ಯಾವ ಸಾಲಿನಲ್ಲಿ ಕೆಲಸ ತಾನಾಗಿ ಆಗುತ್ತದೆ, ಯಾವುದರಲ್ಲಿ ತನ್ನಿಂದ ಆಗುತ್ತದೆ, ಎಲ್ಲಿ ನಾನು, ಎಲ್ಲಿ ನಾವು ಎಂದು ಬರೆದವನಿಗೇ ತಿಳಿಯದು. ರೊಟ್ಟಿಯ ಡಬ್ಬಿ ಹಾಗೆಯೇ ಮುಚ್ಚಿಟ್ಟು, ಹುಣಸೆ ಮರದ ಕೆಳಗೆ ಒಬ್ಬನೇ ಕುಳಿತು, ಹುಟ್ಟಿದ್ದೇ ತಪ್ಪಾಯಿತು ಎಂದುಕೊಂಡ.

ಸಮಿತಿ ಬಂದಾಗಲೇ ಮೂರೂವರೆ. ಚಹಾ, ಖಾರಾ, ಹಾರ ತುರಾಯಿ ಮುಗಿಯುವಾಗ ನಾಲ್ಕೂವರೆ ದಾಟಿತ್ತು. ಬೆಂಗಳೂರಿನಿಂದ ಬಂದ ಅಧ್ಯಕ್ಷರು, ಇಬ್ಬರು ಪ್ರಾಧ್ಯಾಪಕರು, ಮತ್ತು ಆಡಳಿತದ ಪರವಾಗಿ ನಿಜಾಮೋದ್ದೀನ ಸಾಹೇಬರು. ನಿಜಾಮೋದ್ದೀನ ಸಾಹೇಬರದು ಹಾಜರಿ ನೋಡುವ ಕೆಲಸ. ಒಳ್ಳೆಯ ಮನುಷ್ಯ. ವಿಜ್ಞಾನದ ಭಾಷಣ ಶುರುವಾದ ಕೂಡಲೇ ಮಲಗಿ, ಚಪ್ಪಾಳೆಗೆ ಎಚ್ಚರಾಗಿ, ತಾವೂ ಎರಡು ತಟ್ಟಿ ಹೋಗುವವರು.

ಪರದೆಯ ಮೇಲೆ ಚಿತ್ರ ತೋರಿಸಲು ದೀಪ ಆರಿಸಿದರು. ಮನ್ಮಥಪ್ಪ ಹಾಳೆ ನೋಡಿದ. ಕತ್ತಲಲ್ಲಿ ಹಸಿರೂ ಕರಿ, ಕೆಂಪೂ ಕರಿ, ನೀಲಿಯೂ ಕರಿ. ಒಂದಕ್ಷರ ಕಾಣದು. ಪರದೆಯ ಬೆಳಕಿನಲ್ಲಿ ಕಂಡದ್ದು ಮುಂದಿನ ಸಾಲಿನ ಖುಷ್ಬೂ ಒಬ್ಬಳೇ. ಅವಳು ಎದೆ ಬಡಿದುಕೊಂಡಳು.

"ಐ," ಎಂದ ಮನ್ಮಥಪ್ಪ.

ಆಮೇಲೆ ಬಾಯಿ ನಿಲ್ಲಲಿಲ್ಲ. ನಾನು ಸಂತಪುರದ ಎಮ್ಮೆಗಳನ್ನು ನೋಡಿದೆ ಎಂದ. ನಾನು ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡೆ ಎಂದ. ಸಣ್ಣ ಸಣ್ಣ ವಾಕ್ಯ, ಸಣ್ಣ ಸಣ್ಣ ಶಬ್ದ. ನಸುಕಿನ ಚಳಿ, ಬಿಸಿ ಹಾಲಿನ ನೊರೆ, ತಂಬಿಗೆ ಹಿಡಿದ ಕೈ. ರವಿವಾರಗಳಂದು ತಾನು ಕಂಡದ್ದೆಲ್ಲ ನೆನಪಾಗಿ, ಆ ನೆನಪು ವಾರದ ಉಳಿದ ದಿನಗಳಿಗೂ ಹರಿದುಬಿಟ್ಟಿತು. "ದಿನಾ ಮುಂಜಾನೆ ಐದಕ್ಕೆ ನಾನು ಅಲ್ಲಿದ್ದೆ. ದಿನಾ ಸಂಜೆ ಐದಕ್ಕೆ ನಾನು ಅಲ್ಲಿದ್ದೆ. ನೂರಿಪ್ಪತ್ತು ದಿನ. ಪ್ರತಿ ಹನಿಯನ್ನೂ ನಾನೇ ಅಳೆದೆ," ಎಂದು ಇಂಗ್ಲಿಷಿನಲ್ಲಿ ಹೇಳುವಾಗ ಅವನ ಕಣ್ಣಲ್ಲಿ ನೀರು ಬಂದಿತ್ತು. ಒಂಬತ್ತು ಗುತ್ತಿಗೆಗಳಲ್ಲಿ ಮೊದಲ ಸಲ ಅವನಿಗೆ ತಾನೂ ಒಬ್ಬ ಮನುಷ್ಯ ಅನ್ನಿಸಿತ್ತು.

ದೀಪ ಹತ್ತಿತು. ಚಪ್ಪಾಳೆ ಬಿತ್ತು. ಅಧ್ಯಕ್ಷರು ತಲೆದೂಗಿದರು. ಅಶ್ವಜಿತ ಸಾಹೇಬರು ಒಬ್ಬರೇ ಗಂಟು ಮೋರೆ ಹಾಕಿಕೊಂಡು ಕುಳಿತಿದ್ದರು. ಒಂದೂ 'ನಾವು' ಬಂದಿರಲಿಲ್ಲ.

ನಿಜಾಮೋದ್ದೀನ ಸಾಹೇಬರು ಮಲಗಿರಲೇ ಇಲ್ಲ. ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. "ಮಾಷಾ ಅಲ್ಲಾ! ಈ ಖೋಲ್ಯಾಗ ಹನ್ನೊಂದು ವರ್ಷದಾಗ ನನಗ ತಿಳದ ಮೊದಲನೇ ಭಾಷಣ ನೋಡ್ರಿ ಇದು! ಒಂದೊಂದು ಮಾತು ತಿಳೀತು. ಸರ್, ಇಂಥಾ ಮನಷ್ಯಾನ ಹಾಜರಿ ಬಗ್ಗೆ ನಾ ಸ್ವತಾ ಎರಡು ಸಾಲು ಬರದು ಕಡತಕ್ಕ ಹಚ್ತೇನಿ. ಕಾಯಂ ಮಾಡ್ಲಿಕ್ಕಿ ನಿಮಗೂ ಸವಲತ್ತಾಗ್ತದ."

ಮನ್ಮಥಪ್ಪನ ಎದೆ ಉಬ್ಬಿತು. ಸಪ್ನಾಳಿಗೆ ಫೋನಿನಲ್ಲಿ ಏನು ಹೇಳಬೇಕೆಂದು ಮಾತು ಜೋಡಿಸತೊಡಗಿದ. ನಿಜಾಮೋದ್ದೀನ ಸಾಹೇಬರು ಪ್ರೀತಿಯಿಂದಲೇ ಲ್ಯಾಪ್‌ಟಾಪು ತೆರೆದು, ಪ್ರೀತಿಯಿಂದಲೇ ಅವನ ಹೆಸರು ಹೊಡೆದು, ಕನ್ನಡಕ ಏರಿಸಿ ನೋಡಿದರು. ಮತ್ತೊಮ್ಮೆ ನೋಡಿದರು.

"ಮನ್ಮಥಪ್ಪನೋರ, ನಾ ಏನರ ತಪ್ಪು ನೋಡ್ಲಿಕತ್ತೀನೇನ್ರಿ? ರವಿವಾರ ಹದಿನೇಳು ಬಿಡ್ರಿ. ಉಳದ ನೂರಾ ಮೂರು ದಿನಾನೂ ಸಂಜಿ ಐದೂವರಿಗಿ ನಿಮ್ಮ ಹೆಬ್ಬಟ್ಟು ಬೀದರದಾಗ ಅದಲ್ಲ? ಐದಕ್ಕ ಸಂತಪುರದಾಗ ಎಮ್ಮಿ ಬಾಜೂಕ, ಐದೂವರಿಗಿ ಇಲ್ಲಿ. ಹ್ಯಾಂಗ ಬಂದ್ರಿ?"

ಅಧ್ಯಕ್ಷರು ಕುರ್ಚಿಯಲ್ಲಿ ಮುಂದೆ ಬಾಗಿದರು. "ನೀವು ಸಂತಪುರಕ್ಕೆ ಹೋಗಿಲ್ಲ ಅಂದರೆ ಪ್ರಬಂಧ ಸುಳ್ಳು. ಹೋಗಿದ್ದೀರಿ ಅಂದರೆ ಹಾಜರಿ ಸುಳ್ಳು. ಯಾವುದು ಹೇಳಿ."

ಮನ್ಮಥಪ್ಪ ಅಶ್ವಜಿತ ಸಾಹೇಬರ ಕಡೆ ನೋಡಿದ. "ಅದಕ್ಕೇ ನಾ ಮುಂಜಾನಿನೇ ಹೇಳಿದ್ದೆ, ನಾನು ನಾನು ಅನಬ್ಯಾಡ್ರಿ ಅಂತ," ಎಂದು ಅವರು ಗೋಡೆಗೆ ಹೇಳಿದರು. ಖುಷ್ಬೂ ತನ್ನ ಚೀಲದಲ್ಲಿ ಏನೋ ಹುಡುಕುತ್ತಿದ್ದಳು. ಹತ್ತು ನಿಮಿಷದ ಹಿಂದೆ ಸಭಾಂಗಣದ ತುಂಬ ಇದ್ದ ಜನರೆಲ್ಲ ಮಾಯವಾಗಿ, ತಾನೊಬ್ಬನೇ ಉಳಿದ ಹಾಗೆ ಅವನಿಗೆ ಅನ್ನಿಸಿತು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಇಂಗ್ಲಿಷ್ ಬಿಟ್ಟು ಮನೆಯ ಮಾತಿನಲ್ಲೇ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. "ಅಳದಾಕಿ ಅನುಸೂಯಾಬಾಯಿ ಅಂತ ಒಬ್ಬಾಕಿ ಹಿರೇ ಹೆಣಮಗಳ್ರಿ. ಫೋನಿನ್ಯಾಗ ಹೇಳ್ತಿದ್ಳು, ನಾ ಬರಕೋತಿದ್ದೆ. ರವಿವಾರಕ್ಕೊಮ್ಮಿ ನಾ ಹೋಗಿ ತಾಳೆ ನೋಡ್ತಿದ್ದೆ. ಅಂಕಿ ಎಲ್ಲಾ ಖರೇ ಅವ. ನನ್ನ ಮಾತೇ ಸುಳ್ಳಾತು. ತಪ್ಪಾತ್ರಿ."

ಅಧ್ಯಕ್ಷರ ಮುಖ ಸ್ವಲ್ಪ ಸಡಿಲವಾಯಿತು. ಅವರೂ ಒಂದು ಕಾಲಕ್ಕೆ ಗುತ್ತಿಗೆಯಲ್ಲಿದ್ದವರೇ. "ನೋಡಿ, ಆಕೆ ನಾನೇ ಅಳೆದೆ ಅಂತ ಒಂದು ಮಾತು ಹೇಳಿದರೆ ಅಂಕಿ ಉಳೀತವೆ, ಹಾಜರಿನೂ ಉಳೀತದೆ. ಪ್ರಬಂಧದಲ್ಲಿ ಆಕೆ ಹೆಸರು ಸೇರಿಸಿದರಾಯ್ತು. ನಿಮ್ಮ ಹುದ್ದೆಗೂ ಅಡ್ಡಿ ಇಲ್ಲ. ಈಗಲೇ ಫೋನ್ ಮಾಡೋಣ. ನೀವು ಮಾತ್ರ ಬಾಯಿ ಬಿಡಬಾರದು."

ಮನ್ಮಥಪ್ಪನಿಗೆ ಹೋದ ಜೀವ ಬಂದಂತಾಯಿತು. ಅನುಸೂಯಾಬಾಯಿಯಂಥ ಪ್ರಾಮಾಣಿಕಳು ಇಡೀ ತಾಲೂಕಿನಲ್ಲಿ ಇರಲಿಲ್ಲ. ನಿಜಾಮೋದ್ದೀನ ಸಾಹೇಬರು ತಮ್ಮ ಫೋನಿನಿಂದ ನಂಬರು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ಗೋಡೆಯ ಗಡಿಯಾರದಲ್ಲಿ ಐದಾಗಿ ಐದು ನಿಮಿಷ.

"ಯಾರ್ರಿ?"

"ಅನುಸೂಯಾಬಾಯಿ ಅವ್ರೇನ್ರಿ? ಬೀದರ ಆಫೀಸಿಂದ ಮಾತಾಡ್ಲಿಕತ್ತೀನಿ. ಹಾಜರಿ ಸಾಹೇಬ. ಎಮ್ಮಿ ಹಾಲು ದಿನಾ ಯಾರು ಅಳೀತಾರ್ರಿ ಅಲ್ಲಿ? ನೀವೇ ಅಲ್ಲೇನು?"

ಹಾಜರಿ ಎಂಬ ಶಬ್ದಕ್ಕೆ ಅನುಸೂಯಾಬಾಯಿ ಎಚ್ಚೆತ್ತುಕೊಂಡಿದ್ದಳು.

"ನಾನಾ? ನಾ ಯಾಕ ಅಳೀಲ್ರಿ ಸಾಹೇಬ? ಎಮ್ಮಿ ಹೆಂಡಿ ಬಳಿಯಾಕಿ ನಾ. ಅಳಿಯೋರು ನಮ್ಮ ಮನ್ಮಥಪ್ಪ ಸಾಹೇಬ್ರು. ಒಂದು ದಿನ ತಪ್ಪಂಗಿಲ್ರಿ. ಮಳಿ ಬರ್ಲಿ, ಸಿಡಿಲು ಬೀಳ್ಲಿ, ಐದಕ್ಕ ಹಾಜರ್."

"ಇವತ್ತೂ ಬಂದಾರೇನು?"

"ಬರದ ಏನ್ರಿ! ಈಗ ಇಲ್ಲೇ ಅದಾರ. ಎಮ್ಮಿ ಕೆಳಗ ಕುಂತಾರ, ಹಾಲು ಅಳೀಲಿಕತ್ತಾರ."

"ಹಂಗಾದ್ರ ಅವರ ಕೈಯಾಗ ಸ್ವಲ್ಪ ಫೋನ್ ಕೊಡ್ರಿ."

"ಎರಡೂ ಕೈ ಹಾಲಾಗ್ಯಾವ್ರಿ, ಹ್ಯಾಂಗ ಹಿಡೀತಾರ?"

ಮನ್ಮಥಪ್ಪನಿಗೆ ತಡೆಯಲಾಗಲಿಲ್ಲ. "ಬಾಯೀ, ಖರೇ ಹೇಳ! ನಿನ್ನ ಕಾಲಿಗಿ ಬೀಳ್ತೇನಿ, ಇದ್ದದ್ದು ಹೇಳ!" ಎಂದು ಒದರಿದ.

"ಕೇಳಿಸಿತೇನ್ರಿ ಸಾಹೇಬ?" ಎಂದಳು ಅನುಸೂಯಾಬಾಯಿ, ಗೆದ್ದ ದನಿಯಲ್ಲಿ. "ಅವರೇ ನೋಡ್ರಿ. ನಾ ಹೇಳಿಲ್ಲೇನು, ಇಲ್ಲೇ ಅದಾರ ಅಂತ? ಕಾಯಂ ಮಾಡ್ರಿ ಅವರಿಗಿ. ಇಂಥಾ ಮನಷ್ಯಾ ನಿಮಗ ಹುಡಕಿದ್ರೂ ಸಿಗಂಗಿಲ್ಲ."

ಫೋನು ಕಟ್ಟಾಯಿತು.

ಒಬ್ಬ ಪ್ರಾಧ್ಯಾಪಕರು ಕೆಮ್ಮಿ ನಗೆ ನುಂಗಿದರು. ಅಧ್ಯಕ್ಷರು ನಗಲಿಲ್ಲ. "ಸಂತಪುರದಲ್ಲಿ ಮನ್ಮಥಪ್ಪ ಈಗ ಹಾಲು ಅಳೆಯುತ್ತಿದ್ದಾರಂತೆ. ಹಾಗಾದರೆ ನೀವು ಯಾರು ಸ್ವಾಮಿ?" ಎಂದರು. "ನೀವು ಸುಳ್ಳು ಹೇಳಿದ್ದನ್ನು ಕ್ಷಮಿಸಬಹುದಿತ್ತು. ಪಾಪದ ಆ ಹಳ್ಳಿ ಹೆಂಗಸಿಗೂ ಪಾಠ ಮಾಡಿಸಿಟ್ಟಿದ್ದೀರಲ್ಲ." ಕಡತ ಮುಚ್ಚಿತು. ಹುದ್ದೆ ಬೇರೆಯವರಿಗೆ, ಗುತ್ತಿಗೆ ಈ ತಿಂಗಳಿಗೆ ಸಾಕು. ನಿಜಾಮೋದ್ದೀನ ಸಾಹೇಬರು ಹೊರಗೆ ಹೋಗುವಾಗ ಅವನ ಹೆಗಲು ತಟ್ಟಿದರು.

ಮನ್ಮಥಪ್ಪ ಪಡಸಾಲೆಗೆ ಬಂದು ಗೋಡೆ ಹಿಡಿದು ನಿಂತ. ಕಿಸೆಯಲ್ಲಿ ಫೋನು ಗುರ್ ಎಂದಿತು.

"ಸಾಹೇಬ್ರ, ಆಫೀಸಿನೋರು ತಪಾಸಕ್ಕ ಫೋನ್ ಮಾಡಿದ್ರು. ಏನೂ ಕಾಳಜಿ ಮಾಡಬ್ಯಾಡ್ರಿ, ನಾ ಎಲ್ಲಾ ಸಂಭಾಳಿಸೀನಿ. ನಿಮ್ಮನ್ನ ಗೈರು ಹಾಕ್ಲಿಕ್ಕಿ ನೋಡ್ಲಿಕತ್ತಿದ್ರು, ನಾ ಬಿಡ್ತೇನಾ? ನೀವೂ ಬರೋಬ್ಬರಿ ಟೈಮಿಗಿ ಒದರಿದ್ರಿ ನೋಡ್ರಿ. ಜನ್ಮದಾಗ ಇದೊಂದೇ ಸುಳ್ಳು ಹೇಳಿದ್ದು ನಾ, ನಿಮ್ಮ ಸಲುವಾಗಿ. ನೌಕರಿ ಕಾಯಂ ಆತಿಲ್ಲೋ?"

ಮನ್ಮಥಪ್ಪ ಬೈಯಬೇಕೆಂದು ಬಾಯಿ ತೆರೆದ. ಬೈಗುಳ ಬರಲಿಲ್ಲ.

"ಆತು ಬಾಯಿ," ಎಂದ.

"ಹಂಗಾದ್ರ ರವಿವಾರ ಬರುವಾಗ ಪೇಢೆ ತರ್ರಿ. ಓಣಿಗೆಲ್ಲಾ ಹಂಚಬೇಕು."

ಆಗಲಿ, ತರುತ್ತೇನೆ ಎಂದು ಹೇಳಿ ಮನ್ಮಥಪ್ಪ ಫೋನು ಇಟ್ಟ.